ಲಿಸ್ಬನ್ನಿನ ಆ ಸೋಮವಾರ

ಕುವೈತಿನ ಮಂಗಫ್‌ನಲ್ಲಿರುವ ನಮ್ಮ ಕಡೆಯ ಜನ ಯಾರಾದರೂ ಪೋರ್ಚುಗಲ್ಲಿಗೆ ಹೊರಟರೆ ಮೊದಲು ನನ್ನ ಮನೆಗೆ ಬರುತ್ತಾರೆ. ಲಿಸ್ಬನ್ ನಗರದ ಮ್ಯೂಸಿಯಂಗಳ ವಿಷಯದಲ್ಲಿ ಪಾಯಸ್‌ಬಾಬರಿಗೆ ತಿಳಿಯದ್ದಿಲ್ಲ ಎಂದು ನನ್ನ ಬಗ್ಗೆ ಮಾತು ಹಬ್ಬಿಬಿಟ್ಟಿದೆ. ಕಳೆದ ಎಂಟು ತಿಂಗಳಲ್ಲಿ ಮೂರು ಕುಟುಂಬಗಳಿಗೆ ದಾರಿ ಹೇಳಿ ಕಳುಹಿಸಿದ್ದೇನೆ. ಎಲ್ಲಿ ಇಳಿಯಬೇಕು, ಯಾವುದನ್ನು ಬಿಡಬಾರದು, ಯಾವ ಮ್ಯೂಸಿಯಂನ ಹಿಂದಿನ ತೋಟದಲ್ಲಿ ಕುಳಿತರೆ ನದಿ ಕಾಣುತ್ತದೆ, ಎಲ್ಲವನ್ನೂ ಹೇಳಿದ್ದೇನೆ. ಅವರು ಹಿಂದಿರುಗಿ ಬಂದು, ನೀವು ಹೇಳಿದ ಹಾಗೆಯೇ ಇತ್ತು ಎಂದಿದ್ದಾರೆ.

ಆ ಮ್ಯೂಸಿಯಂಗಳಲ್ಲಿ ಒಂದರ ಹೊಸ್ತಿಲನ್ನೂ ನಾನು ದಾಟಿದವನಲ್ಲ.

ನಾನು ದಾರಿ ಹೇಳುವುದೆಲ್ಲ ಒಂದು ಪಟ್ಟಿಯನ್ನು ನೋಡಿ. ಅದು ನನ್ನ ಹೆಂಡತಿ ಆಲಿವ್‌ಳದ್ದು. ಅವಳು ಫಹಾಹೀಲಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದಳು. ಅವಳ ತಂದೆ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಆವೆಮಣ್ಣು, ಅಚ್ಚು, ಗೂಡು ಇವುಗಳ ನಡುವೆಯೇ ಅವಳು ಬೆಳೆದದ್ದು. ಸುಟ್ಟ ಮಣ್ಣಿನ ಬಿಲ್ಲೆಗಳ ಮೇಲೆ ಚಿತ್ರ ಬರೆದು, ಅವನ್ನು ಗೋಡೆಗೆ ಜೋಡಿಸಿ, ಅದಕ್ಕಾಗಿಯೇ ಒಂದು ಮ್ಯೂಸಿಯಂ ಕಟ್ಟಿದ್ದಾರೆ ಎಂದು ಎಲ್ಲೋ ಓದಿದ ದಿನದಿಂದ ಅದನ್ನು ನೋಡಬೇಕೆಂಬ ಆಸೆ ಅವಳನ್ನು ಹಿಡಿದಿತ್ತು. "ನನ್ನ ಅಪ್ಪ ಆಯುಷ್ಯವೆಲ್ಲ ಮಾಡಿನ ಮೇಲೆ ಹಾಕುವ ಹಂಚು ಮಾಡಿದರು. ಅಲ್ಲಿಯವರು ಅದೇ ಮಣ್ಣಿನಲ್ಲಿ ಇಡೀ ಊರನ್ನೇ ಬರೆದಿಟ್ಟಿದ್ದಾರಂತೆ," ಎನ್ನುತ್ತಿದ್ದಳು. ಭೂಕಂಪದಲ್ಲಿ ಹಾಳಾಗುವ ಮೊದಲು ಲಿಸ್ಬನ್ ಹೇಗಿತ್ತು ಎಂಬುದನ್ನು ತೋರಿಸುವ ಇಪ್ಪತ್ತಮೂರು ಮೀಟರ್ ಉದ್ದದ ಒಂದು ಚಿತ್ರ ಅಲ್ಲಿ ಇದೆ. ಅದನ್ನು ತಲೆಯಿಂದ ಬಾಲದವರೆಗೆ ನಡೆದುಕೊಂಡು ನೋಡಬೇಕು ಎಂಬುದು ಅವಳ ಆಸೆ.

ಹೋದ ವರ್ಷ ಮೇ ತಿಂಗಳಲ್ಲಿ ಒಬ್ಬ ಪಾದ್ರಿಗಳ ಜೊತೆ ಇಲ್ಲಿಂದ ನಲವತ್ತು ಜನರ ಯಾತ್ರೆ ಹೊರಟಿತು. ಫಾತಿಮಾ, ಲಿಸ್ಬನ್, ಲೂರ್ಡ್ಸ್. ನನ್ನ ಮನಸ್ಸು ಮರಿಯಮ್ಮ ದರ್ಶನ ಕೊಟ್ಟ ಫಾತಿಮಾದ ಮೇಲೆ, ಅವಳದ್ದು ಲಿಸ್ಬನ್ನಿನ ಮೇಲೆ. ಬೇರೆ ಬೇರೆ ಆಸೆಗಳನ್ನು ಇಟ್ಟುಕೊಂಡು ಒಂದೇ ಬಸ್ಸಿನಲ್ಲಿ ಕುಳಿತೆವು.

ಲಿಸ್ಬನ್ನಿನಲ್ಲಿ ನಮಗಿದ್ದದ್ದು ಒಂದು ಭಾನುವಾರ ಮತ್ತು ಅರ್ಧ ಸೋಮವಾರ. ಸಂತ ಆಂತೋನಿಯವರು ಹುಟ್ಟಿದ ಮನೆ ಇದ್ದ ಜಾಗದಲ್ಲಿ ಒಂದು ಇಗರ್ಜಿ ಇದೆ. ನೆಲಮಾಳಿಗೆಗೆ ಇಳಿದರೆ ಅವರು ಹುಟ್ಟಿದ ಸ್ಥಳವನ್ನೇ ತೋರಿಸುತ್ತಾರೆ. ಭಾನುವಾರ ಬೆಳಿಗ್ಗೆ ಅಲ್ಲಿ ನಮ್ಮ ಬಲಿಪೂಜೆ ಆಯಿತು. ಊಟದ ನಂತರ ಎರಡರಿಂದ ಆರು ಗಂಟೆಯವರೆಗೆ ಬಿಡುವು. ಆಲಿವ್ ಚಪ್ಪಲಿಯ ಬಾರು ಬಿಗಿದುಕೊಂಡು, ಚೀಲದಿಂದ ತನ್ನ ಪಟ್ಟಿ ತೆಗೆದು, "ಹೊರಡುವ," ಎಂದಳು.

ನಾನು ಬೇಡವೆಂದೆ.

ಕುವೈತಿನಲ್ಲಿ ಭಾನುವಾರ ಕೆಲಸದ ದಿನ. ಬೆಳಿಗ್ಗೆ ಐದೂವರೆಗೆ ನಾನು ಕೆಲಸಕ್ಕಿರುವ ರಿಫೈನರಿಯ ಬಸ್ಸು ಬರುತ್ತದೆ. ಮೂವತ್ತೊಂದು ವರ್ಷ ನಾವು ಶುಕ್ರವಾರವನ್ನೇ ಭಾನುವಾರವೆಂದು ಮಾಡಿಕೊಂಡು ಅಹ್ಮದಿಯ ಇಗರ್ಜಿಗೆ ಹೋದವರು. ಕರ್ತರ ದಿನವನ್ನು ಕರ್ತರ ದಿನದಂದೇ ಆಚರಿಸುವ ಭಾಗ್ಯ ರಜೆಗೆ ಊರಿಗೆ ಹೋದಾಗ ಮಾತ್ರ. ಈಗ ನಿಜವಾದ ಒಂದು ಭಾನುವಾರ, ಅದೂ ಸಂತರು ಹುಟ್ಟಿದ ನೆಲದಲ್ಲಿ, ನನ್ನ ಕೈಗೆ ಸಿಕ್ಕಿತ್ತು. ಸಂಜೆ ಅದೇ ಇಗರ್ಜಿಯಲ್ಲಿ ಊರವರ ಪೂಜೆ ಇದೆ ಎಂದು ಬಾಗಿಲಲ್ಲಿ ಬರೆದಿದ್ದರು. ಅಲ್ಲಿಯವರೆಗೆ ನೆಲಮಾಳಿಗೆಯಲ್ಲಿ ಕುಳಿತು ಜಪಸರ ಮುಗಿಸೋಣ ಎಂದೆ.

"ಬೆಳಿಗ್ಗೆ ಪೂಜೆ ಆಯ್ತಲ್ಲ," ಎಂದಳು ಆಲಿವ್. "ದೇವರು ದಿನಕ್ಕೆ ಎರಡು ಸಲ ಹಾಜರಿ ತೆಗೀತಾರಾ?"

"ನಾವು ಬಂದದ್ದು ಯಾತ್ರೆಗಾ, ತಮಾಷೆ ನೋಡ್ಲಿಕ್ಕಾ?" ಎಂದೆ. ಹತ್ತಿರದಲ್ಲಿ ಬೇರೆಯವರಿದ್ದರು. ನನ್ನ ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು.

ಇಗರ್ಜಿಗೆ ಹೊಂದಿಕೊಂಡೇ ಸಂತರ ಹೆಸರಿನಲ್ಲಿ ಒಂದು ಚಿಕ್ಕ ಮ್ಯೂಸಿಯಂ ಇದೆ. "ಇದನ್ನಾದ್ರೂ ನೋಡಿ ಬರುವ, ಹತ್ತು ಹೆಜ್ಜೆ," ಎಂದಳು. ನಾನು ನೆಲಮಾಳಿಗೆಯ ಮೆಟ್ಟಿಲಿಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳೂ ಬಂದು ನನ್ನ ಪಕ್ಕದಲ್ಲಿ ಮೊಣಕಾಲೂರಿದಳು. ಜಪಸರದ ಐದು ರಹಸ್ಯಗಳಲ್ಲಿ ಮೂರನೆಯದರ ಹೊತ್ತಿಗೆ ಎದ್ದು ಹೊರಗೆ ಹೋದಳು. ಸಂಜೆಯ ಪೂಜೆಗೆ ಕರೆಯಲು ಹೋದಾಗ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಟ್ರಾಮ್ ಹೋಗುವುದನ್ನು ನೋಡುತ್ತಿದ್ದಳು. ಪಟ್ಟಿ ಕೈಯಲ್ಲಿರಲಿಲ್ಲ.

ಆ ರಾತ್ರಿ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ಮರುದಿನ ಸೋಮವಾರ ತಿಂಡಿಯ ಹೊತ್ತಿಗೆ ನಾನಾಗಿಯೇ ಕೇಳಿದೆ. "ಬಸ್ಸು ಹನ್ನೆರಡಕ್ಕೆ. ಈಗ ಒಂಬತ್ತು ಗಂಟೆ. ಟ್ಯಾಕ್ಸಿ ಮಾಡಿ ಆ ಟೈಲ್ಸಿನ ಮ್ಯೂಸಿಯಂ ನೋಡಿ ಬರುವ, ಏಳು," ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಬೇಡ. ಪೆಟ್ಟಿಗೆ ಕಟ್ಟಲಿಕ್ಕುಂಟು. ನನ್ನ ಕಾಲೂ ನೋಯ್ತದೆ. ಕೂತುಕೊಳ್ಳಿ, ಇನ್ನೊಂದು ಕಾಫಿ ಕುಡಿಯುವ," ಎಂದಳು. ನನ್ನ ತಟ್ಟೆಗೆ ಮೊಟ್ಟೆಯ ಒಂದು ಸಿಹಿ ಬಿಲ್ಲೆಯನ್ನು ಹಾಕಿದಳು. ಇಬ್ಬರೂ ತಿಂದೆವು.

ಅಕ್ಟೋಬರಿನಲ್ಲಿ ಅವಳ ಕಾಯಿಲೆ ಗೊತ್ತಾಯಿತು. ಜನವರಿಯಲ್ಲಿ ದೇವರು ಕರೆಸಿಕೊಂಡರು. ಊರಿಗೆ ಕೊಂಡುಹೋಗಿ ಅವಳ ತಂದೆತಾಯಿ ಮಲಗಿದ ಸಿಮಿತ್ರಿಯಲ್ಲೇ ಮಣ್ಣುಮಾಡಿ, ನನ್ನ ಕೆಲಸದ ಕರಾರು ಮುಗಿಯದಿದ್ದ ಕಾರಣ ಹಿಂದಿರುಗಿ ಬಂದೆ. ಮಗಳು ಡೆಲ್ಮಾ ಕುವೈತಿನಲ್ಲೇ, ರಿಗ್ಗೈಯಲ್ಲಿ ಗಂಡನ ಜೊತೆ ಇದ್ದಾಳೆ. ಅಲ್ಲಿಗೇ ಬಂದು ಇರಿ ಎಂದು ಕರೆದಳು. ರಿಫೈನರಿಯ ಬಸ್ಸು ಅಲ್ಲಿಗೆ ಹೋಗುವುದಿಲ್ಲ ಎಂದು ಹೇಳಿ ಇಲ್ಲೇ ಉಳಿದೆ. ಆಲಿವ್ ತೂಗುಹಾಕಿದ ಪರದೆಗಳು ಇಲ್ಲಿದ್ದವು, ಅದೇ ನಿಜವಾದ ಕಾರಣ.

ಅವಳು ತೀರಿದ ತಿಂಗಳ ಪೂಜೆಯ ದಿನ, ನನ್ನನ್ನು ಬಾಪ್ಪು, ಅಂದರೆ ಚಿಕ್ಕಪ್ಪ, ಎಂದು ಕರೆಯುವ ನಮ್ಮ ಪ್ರಾರ್ಥನಾ ಕೂಟದವರೆಲ್ಲ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತಾ ಕೂಟದ ಮುಂದಾಳು ರಾನ್ಸನ್, ನಾವೆಲ್ಲ ಊರಿನ ಪದ್ಧತಿಯಂತೆ ಗುರ್ಕಾರ್ ಎಂದು ಕರೆಯುವವನು, ಹೇಳಿದ: "ಆಲಿವ್‌ಬಾಯಿಗೆ ಯಾವಾಗ್ಲೂ ಆ ಟೈಲ್ಸ್ ಮ್ಯೂಸಿಯಂದೇ ಮಾತು. ಅದನ್ನಾದ್ರೂ ನೋಡಿ ಹೋದರಲ್ಲ, ಒಂದು ಸಮಾಧಾನ. ನೋಡಿದ್ರಲ್ಲ ಬಾಪ್ಪು?"

ಹದಿನೈದು ಜನ ನನ್ನ ಮುಖ ನೋಡುತ್ತಿದ್ದರು. "ಹೌದು, ನೋಡಿದೆವು," ಎಂದೆ.

ಯಾತ್ರೆಗೆ ನಮ್ಮ ಜೊತೆ ಬಂದಿದ್ದ ಲೆಸ್ಟರ್ ಅಲ್ಲೇ ಇದ್ದ. "ಯಾವಾಗ ಬಾಪ್ಪು? ಭಾನುವಾರ ನೀವು ಇಗರ್ಜಿ ಬಿಟ್ಟು ಕದಲಲೇ ಇಲ್ಲ," ಎಂದ.

"ಸೋಮವಾರ ಬೆಳಿಗ್ಗೆ. ನೀವೆಲ್ಲ ಶಾಪಿಂಗಿಗೆ ಹೋಗಿದ್ರಲ್ಲ, ಆಗ."

ಅಷ್ಟೇ. ಎರಡು ಮಾತಿನ ಸುಳ್ಳು. ಅದಕ್ಕೆ ಹುಲ್ಲು ನೀರು ಹಾಕಿ ಸಾಕುವುದು ಆಮೇಲಿನ ಕೆಲಸವಾಯಿತು. ಹೇಗಿತ್ತು ಎಂದು ಕೇಳುವವರು ಬಂದರು. ಆಲಿವ್‌ಳ ಪಟ್ಟಿ ತೆಗೆದು ಓದಿದೆ. ಡೆಲ್ಮಾಳಿಂದ ಒಂದು ಚಿತ್ರದ ಪುಸ್ತಕ ತರಿಸಿದೆ. ಸಮಯ, ಟಿಕೆಟ್ಟು ಇವನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. "ಅದೆಲ್ಲ ಬದಲಾಗ್ತಾ ಇರ್ತದೆ, ನೀವೇ ಮೊಬೈಲಿನಲ್ಲಿ ನೋಡಿಕೊಳ್ಳಿ," ಎನ್ನುತ್ತಿದ್ದೆ.

ತಿಂಗಳಿಗೊಮ್ಮೆ ಪಾಪನಿವೇದನೆ ಮಾಡುವ ನಾನು ಇದನ್ನು ಗುರುಗಳ ಮುಂದೆ ಹೇಳಲಿಲ್ಲ. ಹೇಳದಿರಲು ಒಂದು ಆಧಾರ ಹುಡುಕಿಕೊಂಡಿದ್ದೆ. ನಾನು ಕರೆದೆ, ಅವಳೇ ಬೇಡ ಎಂದಳು. ಭಾನುವಾರದ ತಪ್ಪನ್ನು ಸೋಮವಾರ ತಿದ್ದಲು ಕೈ ಚಾಚಿದ್ದೆ, ಹಾಗಿರುವಾಗ ನೋಡಿದೆವು ಎಂಬುದಕ್ಕೂ ನೋಡಬಹುದಿತ್ತು ಎಂಬುದಕ್ಕೂ ಎಷ್ಟು ಅಂತರ? ಈ ಮಾತಿನ ಮೇಲೆ ನಿಂತುಕೊಂಡು ಎಂಟು ತಿಂಗಳು ಕಳೆದೆ. ರಾತ್ರಿ ದೀಪ ಆರಿಸುವಾಗ ಅವಳ ಫೋಟೋಕ್ಕೂ ಇದನ್ನೇ ಹೇಳುತ್ತಿದ್ದೆ.

ಅಕ್ಟೋಬರ್ ಜಪಸರದ ತಿಂಗಳು. ದಿನಕ್ಕೊಂದು ಮನೆಯಲ್ಲಿ ಸೇರಿ ತೇರ್ಸ್, ಅಂದರೆ ಜಪಸರ, ಹೇಳುತ್ತೇವೆ. ಮೊನ್ನೆ ಶುಕ್ರವಾರ ನನ್ನ ಮನೆಯ ಸರದಿ. ಏಳು ಗಂಟೆಗೆ ಜನ ಬರುವವರಿದ್ದರು. ಮಧ್ಯಾಹ್ನವೇ ಕುರ್ಚಿಗಳನ್ನು ಸಾಲಾಗಿಟ್ಟು, ಪೀಠಕ್ಕೆ ಬಿಳಿ ಬಟ್ಟೆ ಹಾಸಿದ್ದೆ. ಐದು ಗಂಟೆಗೆ ಬಾಗಿಲ ಬೆಲ್ ಬಾರಿಸಿತು. ಎಗೈಲಾದ ಹರ್ಷಿತ್ ಮತ್ತು ಅವನ ಹೆಂಡತಿ ನವ್ಯಶ್ರೀ. ತುಳುವರು, ಸುರತ್ಕಲ್ ಕಡೆಯವರು. ಅವನು ಕಾರಿನ ಶೋರೂಮಿನಲ್ಲಿದ್ದಾನೆ. ಅವಳು ಲ್ಯಾಬ್ ಟೆಕ್ನಿಷಿಯನ್, ಆಲಿವ್‌ಳ ಕ್ಲಿನಿಕ್ಕಿನಲ್ಲೇ ಇದ್ದವಳು. ನಮ್ಮ ಯಾತ್ರೆಗೆ ಒಂದು ತಿಂಗಳ ಮೊದಲು ಫರ್ವಾನಿಯಾದ ಕಡೆ ಬೇರೆ ಕೆಲಸ ಸಿಕ್ಕಿ ಹೋಗಿದ್ದಳು. ಆಲಿವ್ ತೀರಿಕೊಂಡ ಸುದ್ದಿ ತಿಳಿಯುವಷ್ಟರಲ್ಲಿ ನಾನು ಊರಿಗೆ ಹೊರಟಿದ್ದರಿಂದ ನನ್ನನ್ನು ನೋಡಲು ಬಂದಿರಲಿಲ್ಲ.

ಗೋಳಿಬಜೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಅವಳು ಮೊದಲು ಫೋಟೋದ ಮುಂದೆ ನಿಂತು ಕೈಮುಗಿದಳು. ಹರ್ಷಿತ್ ಕುಳಿತವನೇ ಬಾಯಿ ತೆರೆದ.

"ಅಂಕಲ್, ಪೋರ್ಚುಗಲ್ ವೀಸಾ ಬಂತು. ನವೆಂಬರಿನಲ್ಲಿ ಹೊರಡುದು. ನೀವೇ ಒಂದು ನ್ಯಾಯ ಹೇಳಿ. ಐದು ದಿವಸಕ್ಕೆ ಇವಳ ಲಿಸ್ಟಿನಲ್ಲಿ ಒಂಬತ್ತು ಮ್ಯೂಸಿಯಂ ಉಂಟು. ನಾನು ಹನಿಮೂನಿಗೆ ಹೋಗುದಾ, ಪರೀಕ್ಷೆ ಬರೀಲಿಕ್ಕೆ ಹೋಗುದಾ?"

"ಮದುವೆ ಆಗಿ ನಾಲ್ಕು ವರ್ಷ ಆಯ್ತು, ಇನ್ನೆಂತ ಹನಿಮೂನ್ ನಿಮಗೆ?" ಎಂದಳು ನವ್ಯಶ್ರೀ. "ಅಂಕಲ್, ಇವರನ್ನು ಬಿಟ್ಟರೆ ಐದು ದಿನವೂ ಮಾಲ್‌ನಲ್ಲಿ ತಿರುಗ್ತಾರೆ. ಎಗೈಲಾದಲ್ಲಿ ಮಾಲ್ ಇಲ್ವಾ?"

"ನಿನ್ನ ಮಡಕೆ ತಟ್ಟೆ ನೋಡುದಕ್ಕಿಂತ ಅದು ಮೇಲು ಮಾರಾಯ್ತಿ."

"ಹರ್ಷಿತ್, ನಿನಗೂ ಒಂದುಂಟು," ಎಂದೆ. "ಬೆಲೆಂ ಅಂತ ಒಂದು ಜಾಗ. ಅಲ್ಲಿ ರಾಜರ ಸಾರೋಟುಗಳ ಮ್ಯೂಸಿಯಂ. ಚಿನ್ನದ ಕೆತ್ತನೆಯ ಗಾಡಿಗಳು ಸಾಲಾಗಿ ನಿಂತಿವೆ."

"ಹಾಗೆ ಹೇಳಿ! ಎಷ್ಟು ಮೈಲೇಜ್ ಕೊಡ್ತದೆ ಅಂಕಲ್ ಅದು?"

"ಕುದುರೆಗೆ ಎಷ್ಟು ಹುಲ್ಲು ಹಾಕ್ತೀಯೋ ಅಷ್ಟು."

ಮೂವರೂ ನಕ್ಕೆವು. ನನ್ನ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ನನಗೆ ಹುರುಪು ಬಂದು ಒಂದೊಂದಾಗಿ ಹೇಳುತ್ತಾ ಹೋದೆ. ಗುಲ್ಬೆಂಕಿಯನ್ ಎಂಬ ಆರ್ಮೇನಿಯದವರು ಇರಾಕಿನ ಎಣ್ಣೆಯಲ್ಲಿ ನೂರಕ್ಕೆ ಐದು ಪಾಲು ಇಟ್ಟುಕೊಂಡು ಶ್ರೀಮಂತರಾಗಿ, ಆಯುಷ್ಯವೆಲ್ಲ ಕೊಂಡ ಚಿತ್ರ, ಜಮಖಾನೆ, ಪಿಂಗಾಣಿಗಳನ್ನು ಕೊನೆಗೆ ಆ ಊರಿಗೆ ಬಿಟ್ಟುಹೋದದ್ದನ್ನು ಹೇಳಿದೆ. ಸಂತ ರೋಕ್‌ನ ಇಗರ್ಜಿಯ ಹಿಂದಿನ ಕೋಣೆಯಲ್ಲಿ ಫ್ರಾನ್ಸಿಸ್ ಸೇವಿಯರರ ಜೀವನವನ್ನು ಇಪ್ಪತ್ತು ಚಿತ್ರಗಳಲ್ಲಿ ಬರೆದಿದ್ದಾರೆ ಎಂದೆ. ಹಳೆಯ ಕಲೆಯ ಮ್ಯೂಸಿಯಂನಲ್ಲಿ ಸಂತ ಆಂತೋನಿಯನ್ನು ಪಿಶಾಚಿಗಳು ಕಾಡುವ ಒಂದು ಚಿತ್ರವಿದೆ, ಆದರೆ ಅವರು ಲಿಸ್ಬನ್ನಿನ ಆಂತೋನಿ ಅಲ್ಲ ಎಂದು ಎಚ್ಚರಿಸಿದೆ.

"ಆಂತೋನಿಯವರು ಕೂಡ ಇಬ್ಬರಾ?" ಎಂದ ಹರ್ಷಿತ್.

"ಇಬ್ಬರು. ಚಿತ್ರದಲ್ಲಿರುವವರು ಈಜಿಪ್ಟಿನ ಮರುಭೂಮಿಯಲ್ಲಿ ಒಬ್ಬರೇ ಇದ್ದು ತಪಸ್ಸು ಮಾಡಿದವರು."

"ಹಾಗಾದ್ರೆ ನಮ್ಮವರೇ. ಗಲ್ಫ್ ಪಾರ್ಟಿ."

ನವ್ಯಶ್ರೀ ಈ ಹೊತ್ತಿಗೆ ಮೊಬೈಲು ತೆಗೆದು ಏನನ್ನೋ ಹುಡುಕುತ್ತಿದ್ದಳು. "ಅಂಕಲ್, ಈ ಲಿಸ್ಟು ನಂದಲ್ಲ ಗೊತ್ತುಂಟಾ?" ಎಂದಳು. "ಆಂಟಿಯದ್ದೇ. ಮಧ್ಯಾಹ್ನ ಊಟದ ಹೊತ್ತಿಗೆ ಲ್ಯಾಬಿನ ಕಂಪ್ಯೂಟರಿನಲ್ಲಿ ನಾನು ಹುಡುಕಿ ಹುಡುಕಿ ಹೇಳುದು, ಅವರು ರಿಪೋರ್ಟ್ ಕಾಗದದ ಹಿಂದೆ ಬರೆಯುದು. ಒಂದು ದಿನ ನಾನೂ ಹೋಗ್ತೇನೆ ಆಂಟಿ ಅಂತ ಫೋಟೋ ತೆಗೆದಿಟ್ಟುಕೊಂಡಿದ್ದೆ."

ಇದು ನನಗೆ ತಿಳಿದಿರಲಿಲ್ಲ. ನನ್ನಲ್ಲಿದ್ದದ್ದು ಶುದ್ಧವಾಗಿ ಬರೆದ ಪ್ರತಿ. ಹೆಸರು ಮತ್ತು ದಾರಿ ಮಾತ್ರ ಅದರಲ್ಲಿದ್ದವು.

"ಆ ದೊಡ್ಡ ಚಿತ್ರ ಆಂಟಿ ಪೂರ್ತಿ ನಡೆದು ನೋಡಿದ್ರಾ?" ಎಂದು ಅವಳು ಕೇಳಿದಳು. "ತಲೆಯಿಂದ ಬಾಲದವರೆಗೆ ನಡೀತೇನೆ ಅಂತ ಹೇಳ್ತಿದ್ದರು."

"ನಡೆದಳು," ಎಂದೆ.

ಹರ್ಷಿತ್ ಕ್ಯಾಲೆಂಡರು ಬಿಡಿಸಿದ. "ಈಗ ದಿನ ಹಂಚುವ. ನಾವು ಇಳಿಯುದು ಭಾನುವಾರ ರಾತ್ರಿ. ಸೋಮವಾರ ಎಲ್ಲಿಗೆ?"

"ಸೋಮವಾರ ಬೆಳಿಗ್ಗೆಯೇ ಟೈಲ್ಸ್ ಮ್ಯೂಸಿಯಂಗೆ ಹೋಗಿ," ಎಂದೆ. "ಜನ ಕಡಿಮೆ ಇರ್ತದೆ. ನಾವು ಹೋದದ್ದೂ ಸೋಮವಾರವೇ."

ನವ್ಯಶ್ರೀ ತಲೆಯೆತ್ತಿದಳು. "ಸೋಮವಾರವಾ? ಸೋಮವಾರ ಮುಚ್ಚಿರ್ತದಲ್ಲ ಅಂಕಲ್."

ನಾನು ಡಬ್ಬಿಯಿಂದ ಒಂದು ಗೋಳಿಬಜೆ ಎತ್ತಿಕೊಂಡೆ.

"ಅಲ್ಲಿ ಸೋಮವಾರ ಹೆಚ್ಚಿನ ಮ್ಯೂಸಿಯಂ ಬಂದ್. ಆಂಟಿಗೆ ಗೊತ್ತಿತ್ತು. ಇಲ್ಲಿ ನೋಡಿ, ಅವರೇ ಬರೆದದ್ದು." ಅವಳು ಎದ್ದು ಬಂದು ಮೊಬೈಲನ್ನು ನನ್ನ ಕಣ್ಣಿನ ಮುಂದೆ ಹಿಡಿದಳು. ಆಲಿವ್‌ಳ ಅಕ್ಷರ. ಔಷಧದ ಚೀಟಿ ಬರೆದು ಬರೆದು ಓರೆಯಾದ ಅಕ್ಷರ. ಟೈಲ್ಸ್ ಮ್ಯೂಸಿಯಂನ ಹೆಸರಿನ ಎದುರಿಗೆ: 'ಭಾನುವಾರ 2ರಿಂದ 6. ಸೋಮವಾರ ಇಲ್ಲ.' ಇಲ್ಲ ಎಂಬುದರ ಕೆಳಗೆ ಎರಡು ಗೆರೆ.

"ನಮಗೆ ಇರುದು ಭಾನುವಾರ ಮಧ್ಯಾಹ್ನ ಒಂದೇ ನವ್ಯಾ, ಅದು ತಪ್ಪಿದ್ರೆ ಹೋಯ್ತು ಅಂತ ನನ್ನತ್ರ ಹೇಳಿದ್ದರು," ಎಂದಳು.

ಹರ್ಷಿತ್ ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಒಳ್ಳೆಯ ಹುಡುಗ. "ಆಗ ತೆರೆದಿದ್ದಿರಬಹುದು ಮಾರಾಯ್ತಿ," ಎಂದ. "ಮೇ ತಿಂಗಳು, ಟೂರಿಸ್ಟ್ ಸೀಸನ್. ಅವರ ಊರು, ಅವರ ಬೀಗದ ಕೈ. ನಿನಗೆಂತ?"

"ಇರಬಹುದು," ಎಂದೆ.

ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋದೆ. ನೀರಿಟ್ಟು ಒಲೆ ಹಚ್ಚಲು ಮರೆತು ನಿಂತಿದ್ದೆ. ಟ್ಯಾಕ್ಸಿ ಮಾಡಿ ಹೋಗುವ ಎಂದು ನಾನು ಕರೆದಾಗ ಅವಳಿಗೆ ಗೊತ್ತಿತ್ತು. ಬಾಗಿಲು ಮುಚ್ಚಿರುತ್ತದೆ ಎಂದು ಗೊತ್ತಿತ್ತು. ಅದನ್ನು ಒಂದು ಮಾತಿನಲ್ಲಿ ಹೇಳಬಹುದಿತ್ತು. ನಿನ್ನೆ ಕೇಳಿದಾಗ ಬರಲಿಲ್ಲ, ಇವತ್ತು ಕರೆದರೆ ಅಲ್ಲಿ ಬೀಗ ಎಂದು ಹೇಳುವ ಹಕ್ಕು ಅವಳಿಗಿತ್ತು. ಹೇಳಿದ್ದರೆ ಇಗರ್ಜಿಯಲ್ಲಿ ಕಳೆದ ನನ್ನ ಭಾನುವಾರ ಅಲ್ಲೇ ಕಹಿಯಾಗುತ್ತಿತ್ತು. ಅವಳು ಕಾಲುನೋವಿನ ನೆಪ ಹೇಳಿದಳು. ಬೇಡ ಎಂಬುದನ್ನು ತನ್ನ ತಲೆಗೆ ಕಟ್ಟಿಕೊಂಡು, ಕರೆದ ಪುಣ್ಯವನ್ನು ನನಗೆ ಬಿಟ್ಟಳು. ಆ ಪುಣ್ಯವನ್ನು ನಾನು ಎಂಟು ತಿಂಗಳು ಅವಳ ಫೋಟೋದ ಮುಂದೆಯೇ ಹಿಡಿದು ತೋರಿಸುತ್ತಿದ್ದೆ.

ಬರಿಗೈಯಲ್ಲಿ ಹೊರಗೆ ಬಂದು ಕುಳಿತೆ.

"ನವ್ಯಶ್ರೀ, ನಾವು ಅದನ್ನು ನೋಡ್ಲಿಲ್ಲ," ಎಂದೆ. "ಯಾವುದನ್ನೂ ನೋಡ್ಲಿಲ್ಲ. ಭಾನುವಾರ ಅವಳು ಹೊರಟು ನಿಂತಿದ್ದಳು. ನಾನು ಬಿಡ್ಲಿಲ್ಲ. ಪೂಜೆಗೆ ಕೂರಿಸಿದೆ. ಸೋಮವಾರ ಕರೆದೆ. ಮುಚ್ಚಿರ್ತದೆ ಅಂತ ಅವಳು ನನಗೆ ಹೇಳ್ಲಿಲ್ಲ."

ಹರ್ಷಿತ್ ಕ್ಯಾಲೆಂಡರನ್ನು ಮಡಚಿ ಜೇಬಿಗೆ ಹಾಕಿದ.

"ಆಂಟಿ ಹಾಗೇ ಅಂಕಲ್," ಎಂದಳು ನವ್ಯಶ್ರೀ ಕೊನೆಗೆ. "ಒಂದು ಸಲ ನಾನು ಎರಡು ಸ್ಯಾಂಪಲ್ ಅದಲುಬದಲು ಮಾಡಿದ್ದೆ. ಡಾಕ್ಟರ್ ಕಿರುಚಾಡಿದಾಗ, ನಾನೇ ಲೇಬಲ್ ಸರಿ ನೋಡ್ಲಿಲ್ಲ ಅಂತ ಅವರು ಬೈಸಿಕೊಂಡರು. ಆಮೇಲೆ ನನಗೆ ಒಂದು ಮಾತೂ ಹೇಳ್ಲಿಲ್ಲ. ಒಂದು ವಾರ ನನಗೆ ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ಬೈದಿದ್ರೆ ಲಾಯ್ಕಿತ್ತು."

"ಹೌದು," ಎಂದೆ. "ಬೈದಿದ್ದರೆ ಒಳ್ಳೆದಿತ್ತು."

"ನಾವು ಅಲ್ಲಿಂದ ವಿಡಿಯೋ ಕಾಲ್ ಮಾಡ್ತೇವೆ ಅಂಕಲ್," ಎಂದ ಹರ್ಷಿತ್. "ಆ ಚಿತ್ರ ಪೂರ್ತಿ ತೋರಿಸ್ತೇನೆ, ಈ ತುದಿಯಿಂದ ಆ ತುದಿಗೆ. ನೀವು ಇಲ್ಲೇ ಕೂತು ನೋಡಿ."

"ಬೇಡ ಮಗಾ. ನೀವು ನಿಮ್ಮ ಕಣ್ಣಿಗೆ ನೋಡಿ. ಅವಳು ಕರೆದಲ್ಲಿಗೆ ಹೋಗು. ಕಾಲು ನೋಯ್ತದೆ ಅಂದ್ರೆ ನಂಬಬೇಡ."

ಅವನು ನಗಲಿಲ್ಲ. ನಾನೂ ತಮಾಷೆಗೆ ಹೇಳಿದ್ದಲ್ಲ.

ಏಳು ಗಂಟೆಗೆ ಜನ ಬರತೊಡಗಿದರು. ಇಬ್ಬರನ್ನೂ ಹೊರಡಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಅವರೂ ಏಳಲಿಲ್ಲ. ಬಾಗಿಲ ಹತ್ತಿರದ ಎರಡು ಕುರ್ಚಿಗಳಲ್ಲಿ ಕುಳಿತರು. ರಾನ್ಸನ್ ಒಳಗೆ ಬರುವಾಗಲೇ ಪಾರ್ಕಿಂಗಿನ ವಿಷಯ ಬೈಯುತ್ತಾ ಬಂದ. ಹೆಂಗಸರು ಮುಂದಿನ ಸಾಲಿನಲ್ಲಿ, ಮಕ್ಕಳು ನೆಲದ ಮೇಲೆ, ಲೆಸ್ಟರ್ ಕಿಟಕಿಯ ಬಳಿ. ಸುಮಾರು ಹದಿನೆಂಟು ಜನ. ಸುಳ್ಳು ಹೇಳಿದ್ದು ಇವರ ಮುಂದೆಯೇ. ಸತ್ಯವನ್ನೂ ಇವರ ಮುಂದೆಯೇ ಹೇಳಬೇಕು ಎಂದು ನಿಶ್ಚಯಿಸಿಕೊಂಡು ಪೀಠದ ಪಕ್ಕದಲ್ಲಿ ನಿಂತೆ.

"ಸುರು ಮಾಡುವ ಮೊದಲು ಒಂದು ಮಾತು," ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಆಲಿವ್‌ಳ ವರ್ಷದ ಪೂಜೆಯ ವಿಷಯ ಹೇಳುತ್ತೇನೆ ಎಂದುಕೊಂಡಿರಬೇಕು. "ತಿಂಗಳ ಪೂಜೆಯ ದಿನ ನಾನು ನಿಮ್ಮ ಹತ್ತಿರ ಸುಳ್ಳು ಹೇಳಿದ್ದೆ. ಆಲಿವ್ ಲಿಸ್ಬನ್ನಿನ ಆ ಮ್ಯೂಸಿಯಂ ನೋಡ್ಲಿಲ್ಲ. ಅವಳಿಗೆ ಬಹಳ ಆಸೆ ಇತ್ತು. ನಾನು ತಡೆದೆ. ಆಮೇಲೆ ಅದರ ವಿಷಯ ಕೇಳಿದವರಿಗೆಲ್ಲ ನೋಡಿದ ಹಾಗೆ ಹೇಳಿದೆ. ನನ್ನನ್ನು ಕ್ಷಮಿಸಬೇಕು."

ಏನೋ ಆಗುತ್ತದೆ ಎಂದು ಕಾದೆ.

"ಅಯ್ಯೋ ಬಾಪ್ಪು, ಅಷ್ಟೇಯಾ?" ಎಂದ ಲೆಸ್ಟರ್. "ಅದಕ್ಕೆಂತಕ್ಕೆ ಇಷ್ಟು ಬೇಜಾರು? ಯೂಟ್ಯೂಬಿನಲ್ಲಿ ಹಾಕಿದ್ರೆ ಎಲ್ಲ ಬರ್ತದೆ. ನಾನೂ ನೋಡ್ಲಿಲ್ಲ, ನನ್ನ ಹೆಂಡತಿಯೂ ನೋಡ್ಲಿಲ್ಲ. ನಾವು ಬದುಕ್ಲಿಲ್ವಾ?"

ಅವನ ಹೆಂಡತಿ ಅವನ ತೊಡೆಗೆ ತಿವಿದಳು. ಒಬ್ಬ ಹಿರಿಯ ಹೆಂಗಸು, "ಆಲಿವ್‌ಬಾಯಿ ಈಗ ಸ್ವರ್ಗದಲ್ಲಿ ಅದಕ್ಕಿಂತ ಚಂದದ್ದನ್ನು ನೋಡ್ತಾ ಇರಬಹುದು," ಎಂದರು. ಅದು ಪ್ರೀತಿಯಿಂದ ಹೇಳಿದ ಮಾತು. ನೆಲದ ಮೇಲಿದ್ದ ಒಂದು ಮಗು ತಾಯಿಯ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಕೇಳಿತು. ತಾಯಿ ಅದರ ಬಾಯಿಯ ಮೇಲೆ ಬೆರಳಿಟ್ಟಳು.

"ಏಳೂಕಾಲು ಆಯ್ತು," ಎಂದ ರಾನ್ಸನ್. "ಚಲೋ, ಸುರು ಮಾಡುವ. ಬಾಪ್ಪು, ನೀವು ಕೂತುಕೊಳ್ಳಿ. ಇವತ್ತಿನ ತೇರ್ಸ್ ಆಲಿವ್‌ಬಾಯಿಯ ಆತ್ಮಕ್ಕೆ."

"ರಾನ್ಸನ್, ಇವತ್ತು ನನಗೆ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. "ಎಂತ ಬಾಪ್ಪು?"

"ಅವಳಿಗೆ ಬೇಕಾಗಿಲ್ಲ. ಇವತ್ತಿನದ್ದು ನನಗೆ ಒಪ್ಪಿಸು."

ರಾನ್ಸನ್ ತಲೆ ಕೆರೆದುಕೊಂಡು ತನ್ನ ಚೀಟಿ ನೋಡಿದ. ಯಾವ ಮನೆಯಲ್ಲಿ ಯಾರಿಗಾಗಿ ಎಂದು ತಿಂಗಳ ಮೊದಲೇ ಬರೆದಿಟ್ಟುಕೊಂಡಿದ್ದ. "ಸತ್ತವರದ್ದು ಮೊದಲು ಬಾಪ್ಪು," ಎಂದ ಮೆತ್ತಗೆ. "ಜೀವಂತ ಇರುವವರದ್ದು ಕೊನೆಗೆ ಉಂಟಲ್ಲ. ಆಗ ಸೇರಿಸ್ತೇನೆ."

ನಾನು ಕುಳಿತೆ. ಶುಕ್ರವಾರವಾದ್ದರಿಂದ ದುಃಖದ ರಹಸ್ಯಗಳು. ಅರ್ಧ ಪ್ರಾರ್ಥನೆ ಅವನು ಹೇಳುವುದು, ಉಳಿದರ್ಧ ನಾವೆಲ್ಲ. ಆಲಿವ್ ಬದುಕಿದ್ದಾಗ ನಾನು ಮಣಿ ಎಣಿಸುವುದರಲ್ಲಿ ತಪ್ಪಿದರೆ ಮೊಣಕೈಯಿಂದ ತಟ್ಟುತ್ತಿದ್ದಳು. ಮೊನ್ನೆ ಎಷ್ಟನೆಯ ಮಣಿ ಎಂದು ತಿಳಿಯದೆ ಒಂದೇ ಮಣಿಯನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಬಾಗಿಲ ಬಳಿಯ ಕುರ್ಚಿಯಲ್ಲಿ ನವ್ಯಶ್ರೀ ತಲೆಯ ಮೇಲೆ ಸೆರಗು ಹಾಕಿಕೊಂಡು, ತನಗೆ ಒಂದು ಶಬ್ದವೂ ತಿಳಿಯದ ಕೊಂಕಣಿ ಪ್ರಾರ್ಥನೆಗೆ ಕೈಮುಗಿದಿದ್ದಳು.

ಐದು ರಹಸ್ಯ ಮುಗಿದವು. ಎಲ್ಲರೂ ಮೊಣಕಾಲೂರಿ ಹೇಳುವ ಲಿತಾನಿ, ಮರಿಯಮ್ಮನ ಬಿರುದುಗಳ ಮಾಲೆ, ಮುಗಿಯಿತು. ಕೆಳಗೆ ಯಾರದೋ ಕಾರಿಗೆ ಅಡ್ಡವಾಗಿ ನಿಲ್ಲಿಸಿದ್ದಾರೆಂದು ಹಾರನ್ ಕೇಳಿಸತೊಡಗಿತು. ರಾನ್ಸನ್ ಕಿಟಕಿಯ ಕಡೆ ನೋಡಿ ಅವಸರ ಮಾಡಿದ.

"ಕಾಯಿಲೆಯವರಿಗೆ, ಕೆಲಸ ಇಲ್ಲದವರಿಗೆ, ಪ್ರಯಾಣ ಹೊರಟವರಿಗೆ, ಮತ್ತು ಪಾಯಸ್‌ಬಾಬರಿಗೆ," ಎಂದ, "ಒಂದು ನಮಾನ್ ಮರಿಯೆ."

ಒಂದು ನಮಾನ್ ಮರಿಯೆಗೆ, ಮರಿಯಮ್ಮನಿಗೆ ನಮಸ್ಕಾರ ಹೇಳುವ ನಾಲ್ಕು ಸಾಲಿಗೆ, ಎಷ್ಟು ಹೊತ್ತು ಬೇಕು? ಹೇಳಿದರು. ಎದ್ದರು. ಲೆಸ್ಟರ್ ಕಾರು ತೆಗೆಯಲು ಓಡಿದ. ನಾನು ಮಾತ್ರ ಮೊಣಕಾಲಿನಿಂದ ಏಳದೆ, ಅವರು ಬೇಗ ಬೇಗ ಹೇಳಿ ಮುಗಿಸಿದ ಅದೇ ಪ್ರಾರ್ಥನೆಯನ್ನು ನನ್ನಷ್ಟಕ್ಕೆ ಇನ್ನೊಮ್ಮೆ, ನಮಾನ್ ಎಂಬ ಮೊದಲ ಶಬ್ದದಿಂದ ಹಿಡಿದು, ನಿಧಾನವಾಗಿ ಹೇಳಿದೆ.